ಪುಲ್ಲಿಂಗವಿಲ್ಲದ ಒಂದು ಶಬ್ದ

ಕನ್ನಡದಲ್ಲಿ ‘ಬಂಜೆ’ ಎಂದು ಒಂದು ಶಬ್ದವುಂಟು. ಇದು ಸಂಸ್ಕೃತದ ‘ವಂಧ್ಯಾ’ ಎಂಬುದರ ತದ್ಭವ. ಸಂಸ್ಕೃತದಲ್ಲಿಯಾದರೋ ‘ವಂಧ್ಯ’ ಎಂಬುದು ವಿಶೇಷಣವಾದ ಕಾರಣ ಮೂರು ಲಿಂಗಗಳಲ್ಲಿಯೂ ನಡೆಯುತ್ತದೆ. ಹಣ್ಣು ಬಿಡದ ವೃಕ್ಷಕ್ಕೂ ಸಲ್ಲುತ್ತದೆ, ಕೈಗೂಡದ ಕರ್ಮಕ್ಕೂ ಸಲ್ಲುತ್ತದೆ. ಆ ಶಬ್ದವು ಕನ್ನಡಕ್ಕೆ ಇಳಿದು ಬರುವಾಗ ಉಳಿದ ಎರಡು ಲಿಂಗಗಳನ್ನು ದಾರಿಯಲ್ಲಿಯೇ ಬಿಟ್ಟು ಸ್ತ್ರೀಲಿಂಗವೊಂದನ್ನೇ ಹೊತ್ತು ತಂದಿತು. ಬಂಜೆಯ ಗಂಡನನ್ನು ಏನೆಂದು ಕರೆಯಬೇಕು? ‘ಷಂಡ’, ‘ನಪುಂಸಕ’ ಎಂಬ ಮಾತುಗಳಿವೆ, ನಿಜ. ಆದರೆ ಅವು ದಾಂಪತ್ಯಕ್ಕೇ ಅಶಕ್ತನಾದವನನ್ನು ಕುರಿತವು. ದೃಢಕಾಯನಾಗಿ, ದಾಂಪತ್ಯದಲ್ಲಿ ಯಾವ ಲೋಪವೂ ಇಲ್ಲದೆ, ಬೀಜದಲ್ಲಿ ಮಾತ್ರ ಜೀವವಿಲ್ಲದವನಿಗೆ ಲೋಕವ್ಯವಹಾರದಲ್ಲಿ ಹೆಸರೇ ಇಲ್ಲ. ವೈದ್ಯಶಾಸ್ತ್ರಜ್ಞರು ಇದನ್ನು ಅರಿಯದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಕ್ಲೈಬ್ಯವನ್ನು ನಾಲ್ಕು ವಿಧವಾಗಿ ವಿಂಗಡಿಸಿ, ಬೀಜೋಪಘಾತದಿಂದ ಬಂದುದನ್ನು ಮೊದಲನೆಯದಾಗಿ ಎಣಿಸಿದೆ. ಆದರೆ ಆ ಮಾತು ಗ್ರಂಥದಿಂದ ಜಗುಲಿಗೂ ಅಡಿಗೆಯ ಮನೆಗೂ ಇಳಿಯಲಿಲ್ಲ. ಹೆಸರಿಲ್ಲದ ವಸ್ತುವನ್ನು ಯಾರು ಹುಡುಕಿಯಾರು?

ತರ್ಕ ವೇದಾಂತಗಳನ್ನು ಓದಿದವರಿಗೆ ‘ವಂಧ್ಯಾಪುತ್ರ’ನ ಪರಿಚಯವುಂಟು. ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ: ಇಲ್ಲವೇ ಇಲ್ಲದ ವಸ್ತುವಿಗೆ ಪಂಡಿತರು ಕೊಡುವ ದೃಷ್ಟಾಂತಗಳಿವು. ಮಕ್ಕಳು ಮಗ್ಗಿ ಒಪ್ಪಿಸುವಂತೆ ವಿದ್ಯಾರ್ಥಿಗಳು ಇವನ್ನು ಒಪ್ಪಿಸುತ್ತಾರೆ. ಗೋಡೆಯ ಆಚೆ ಕುಳಿತು ಹೂಬತ್ತಿ ಹೊಸೆಯುತ್ತಿರುವ ಯಾವ ಹೆಂಗಸಿನ ಕಿವಿಗೆ ಈ ದೃಷ್ಟಾಂತವು ಹೇಗೆ ಬೀಳುತ್ತದೆಂದು ಯಾವ ಪಾಠಶಾಲೆಯಲ್ಲಿಯೂ ವಿಚಾರ ನಡೆದಂತೆ ಕಾಣುವುದಿಲ್ಲ.

ಶಿವಮೊಗ್ಗದ ಸೀಮೆಯಲ್ಲಿ ಅಡಿಕೆಯ ತೋಟ ಮಾಡಿಕೊಂಡಿರುವ ಒಂದು ಮನೆಯಲ್ಲಿ ಅಂತಹ ಒಬ್ಬ ಹೆಂಗಸು ಇದ್ದಳು, ಇಂದಿಗೂ ಇದ್ದಾಳೆ. ಮನೆಯಲ್ಲಿ ಮೂವರು ಮಾತ್ರ: ಗತಭರ್ತೃಕೆಯಾದ ತಾಯಿ, ಅವಳ ಒಬ್ಬನೇ ಮಗ, ಹಾಸನದ ಕಡೆಯಿಂದ ತಂದ ಸೊಸೆ. ಮದುವೆಯಾದುದು 2014ರಲ್ಲಿ. ಮಗನು ಒಳ್ಳೆಯ ಕಟ್ಟುಮಸ್ತಾದ ಆಳು. ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಯನ್ನು ಈಜಿ ದಾಟುವವನು. ಕೊನೆಗಾರ ಬಾರದ ದಿನ ತಾನೇ ಮರ ಹತ್ತಿ ಗೊನೆ ಇಳಿಸುವವನು. ಆದುದರಿಂದ ಮೂರು ವರ್ಷ ಕಳೆದರೂ ತೊಟ್ಟಿಲು ಕಟ್ಟದೆ ಹೋದಾಗ ಊರವರು ಅವನ ಕಡೆ ಒಮ್ಮೆ ನೋಡಿ, ‘ಗಂಡಿನಲ್ಲಿ ಏನು ಕೊರತೆ?’ ಎಂದು ತಾವೇ ಪ್ರಶ್ನೆ ಹಾಕಿ, ತಾವೇ ಉತ್ತರವನ್ನೂ ನಿರ್ಣಯಿಸಿಕೊಂಡರು.

ವ್ರತಗಳು ಆರಂಭವಾದುವು. ಸೊಸೆಯು ನಲವತ್ತೆಂಟು ದಿನ ಒದ್ದೆಯ ಸೀರೆಯಲ್ಲಿ ಅಶ್ವತ್ಥ ಪ್ರದಕ್ಷಿಣೆ ಮಾಡಿದಳು. ಕುಕ್ಕೆಯಲ್ಲಿ ಸುಬ್ರಹ್ಮಣ್ಯನಿಗೆ ಆಶ್ಲೇಷಾ ಬಲಿಯಾಯಿತು. ಚನ್ನಪಟ್ಟಣದ ಸಮೀಪದ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸಿ ಬಂದದ್ದಾಯಿತು. ಅಲ್ಲಿ ಹಾಗೆ ಬಂದು ಸೇರಿದ ತೊಟ್ಟಿಲುಗಳನ್ನು ನೋಡಿದವರಿಗೆ, ಈ ದುಃಖವು ಎಷ್ಟು ಮನೆಗಳದೆಂಬುದು ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಲೋಕದ ವಯಸ್ಕರಲ್ಲಿ ಆರರಲ್ಲಿ ಒಬ್ಬರು ಆಯುಷ್ಯದಲ್ಲಿ ಎಂದಾದರೊಮ್ಮೆ ಇದನ್ನು ಅನುಭವಿಸುತ್ತಾರೆ. ದೇವರಲ್ಲಿ ಬೇಡಿಕೊಳ್ಳುವುದನ್ನು ಆಕ್ಷೇಪಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸದೆ ಇರುವುದು ಕಷ್ಟ. ಎಲ್ಲ ಹರಕೆಗಳೂ ನಡೆದದ್ದು ಅವಳ ದೇಹದ ಮೇಲೆ. ಉಪವಾಸ ಅವಳದು, ಒದ್ದೆಯ ಸೀರೆ ಅವಳದು. ಅವನು ಜೊತೆಯಲ್ಲಿ ಹೋಗಿ ಪ್ರಸಾದ ಸ್ವೀಕರಿಸಿ ಬಂದನು.

ದೇವರ ನಂತರ ವೈದ್ಯರ ಸರದಿ. ಇಲ್ಲಿಯೂ ಅದೇ ಕ್ರಮ. ಮೊದಲು ಅವಳ ರಕ್ತದಲ್ಲಿ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳನ್ನು ಅಳೆದರು. ಇವುಗಳಲ್ಲಿ ಏರುಪೇರಾದರೆ ಋತುಕ್ರಮವೇ ಕೆಡುತ್ತದೆ. ಮುಟ್ಟಿನ ಎರಡು ಮೂರನೆಯ ದಿನ ರಕ್ತ ತೆಗೆದು ಅಂಡಾಶಯದ ಶಕ್ತಿಯನ್ನು ಅಂದಾಜು ಮಾಡಿದರು. ಇಪ್ಪತ್ತೊಂದನೆಯ ದಿನ ಮತ್ತೆ ತೆಗೆದು, ಅಂಡವು ಬಿಡುಗಡೆಯಾಯಿತೇ ಎಂಬುದನ್ನು ಪ್ರೊಜೆಸ್ಟರೋನಿನ ಪ್ರಮಾಣದಿಂದ ತಿಳಿದರು. (ಈ ‘ಇಪ್ಪತ್ತೊಂದು’ ಎಂಬುದು ಇಪ್ಪತ್ತೆಂಟು ದಿನಗಳ ಕ್ರಮವಿರುವವರಿಗೆ ಮಾತ್ರ ಸರಿ, ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ ಎಂಬುದೇ ಅದರ ತಾತ್ಪರ್ಯ. ಇದನ್ನು ಮರೆತು ಎಲ್ಲರಿಗೂ ಇಪ್ಪತ್ತೊಂದನೆಯ ದಿನವೇ ಸೂಜಿ ಚುಚ್ಚುವವರೂ ಇದ್ದಾರೆ.) ಸ್ಕ್ಯಾನಿಂಗಿನಲ್ಲಿ ಅಂಡಕೋಶವು ದಿನದಿನಕ್ಕೂ ಬೆಳೆಯುವುದನ್ನು ನೋಡಿದರು. ಎಲ್ಲವೂ ಸರಿಯಾಗಿದ್ದುವು. ಸರಿಯಾಗಿದ್ದರೂ ಅಂಡವನ್ನು ಪಕ್ವಗೊಳಿಸುವ ಮಾತ್ರೆಗಳನ್ನು ಆರು ತಿಂಗಳು ನುಂಗಿಸಿದರು.

ಆಮೇಲೆ ಗರ್ಭನಾಳಗಳ ಪರೀಕ್ಷೆ. ಈ ಪರೀಕ್ಷೆಗೆ ನೂರು ವರ್ಷಗಳ ಚರಿತ್ರೆಯಿದೆ. ನ್ಯೂಯಾರ್ಕಿನ ಇಸಿಡೋರ್ ರೂಬಿನ್ ಎಂಬ ವೈದ್ಯನು 1920ರ ಸುಮಾರಿನಲ್ಲಿ ಗರ್ಭಾಶಯದ ಬಾಯಿಂದ ಅನಿಲವನ್ನು ಹಾಯಿಸಿ, ನಾಳವು ತೆರೆದಿದೆಯೇ ಮುಚ್ಚಿದೆಯೇ ಎಂಬುದನ್ನು ತಿಳಿಯುವ ಉಪಾಯವನ್ನು ಪ್ರಚಾರಕ್ಕೆ ತಂದನು. ನಾಳವು ತೆರೆದಿದ್ದರೆ ಅನಿಲವು ಹೊಟ್ಟೆಯೊಳಕ್ಕೆ ನುಸುಳಿ ವಪೆಯ ಕೆಳಗೆ ಸೇರುವುದು. ಆಗ ರೋಗಿಗೆ ಭುಜದ ತುದಿಯಲ್ಲಿ ನೋವು ಕಾಣುವುದು. ಭುಜ ನೋಯಿತೆಂದರೆ ಗರ್ಭದ ದಾರಿ ತೆರೆದಿದೆಯೆಂದು ಅರ್ಥ! ಈಗ ಅನಿಲಕ್ಕೆ ಬದಲಾಗಿ ಎಕ್ಸ್‌ರೇ ಚಿತ್ರದಲ್ಲಿ ಕಾಣುವ ದ್ರವವನ್ನು ಹಾಯಿಸುತ್ತಾರೆ. ಸೊಸೆಗೆ ಇದನ್ನು ಮುಟ್ಟು ನಿಂತ ಮೂರನೆಯ ದಿನ ಮಾಡಿದರು. ಕೆಲವರಿಗೆ ಅಷ್ಟೇನೂ ನೋವಾಗುವುದಿಲ್ಲ, ಅವಳಿಗೆ ಆಯಿತು. ಹಲ್ಲು ಕಚ್ಚಿ ಮಲಗಿದಳು. ನಮ್ಮ ದೇಶದಲ್ಲಿ ಕ್ಷಯರೋಗವು ಕೆಮ್ಮಿನ ಸೂಚನೆಯೂ ಇಲ್ಲದೆ ಗರ್ಭನಾಳವನ್ನು ಹೊಕ್ಕು ಮುಚ್ಚಿಬಿಡುವುದುಂಟಾದುದರಿಂದ ಈ ಪರೀಕ್ಷೆಯನ್ನು ಅನಾವಶ್ಯಕವೆಂದು ಹೇಳುವ ಹಾಗಿಲ್ಲ. ನಾಳಗಳೆರಡೂ ತೆರೆದಿದ್ದುವು. ಅಷ್ಟಕ್ಕೆ ತೃಪ್ತರಾಗದೆ 2019ರಲ್ಲಿ ಅವಳಿಗೆ ಪ್ರಜ್ಞೆ ತಪ್ಪಿಸಿ, ಹೊಕ್ಕುಳ ಬಳಿ ರಂಧ್ರ ಮಾಡಿ, ದುರ್ಬೀನಿನಂತಹ ನಳಿಕೆಯನ್ನು ಇಳಿಸಿ ಕಣ್ಣಾರೆ ನೋಡಿದರು. ನೀಲಿಯ ಬಣ್ಣವನ್ನು ಹಾಯಿಸಿದಾಗ ಅದು ಎರಡು ಕಡೆಯೂ ನಿರಾತಂಕವಾಗಿ ಹರಿದು ಬಂದಿತು.

‘ಎಲ್ಲವೂ ಸರಿಯಾಗಿದೆ’ ಎಂಬುದು ರೋಗಿಗೆ ಅಮೃತದಂತಹ ಮಾತು. ಅವಳಿಗೆ ಮಾತ್ರ ಅದು ಪ್ರತಿಸಾರಿಯೂ ಹೊಸ ಏಟಾಯಿತು. ದೋಷವು ಸಿಕ್ಕಿದ್ದರೆ ಅದಕ್ಕೊಂದು ಔಷಧವಿರುತ್ತಿತ್ತು, ಒಂದು ಹೆಸರಿರುತ್ತಿತ್ತು. ಸಿಕ್ಕದೆ ಹೋದುದರಿಂದ ಅದು ಅವಳ ಹಣೆಯಲ್ಲಿಯೋ ಪೂರ್ವಜನ್ಮದಲ್ಲಿಯೋ ಇರಬೇಕೆಂದಾಯಿತು. ಅವಳ ಪರೀಕ್ಷೆಯ ಕಾಗದಗಳನ್ನು ಕಟ್ಟಿಟ್ಟ ಚೀಲವು ಹತ್ತು ವರ್ಷದ ಪಂಚಾಂಗಗಳ ಕಟ್ಟಿನಷ್ಟು ದಪ್ಪವಾಗಿದ್ದಿತು. ಅಕ್ಕಪಕ್ಕದ ಮನೆಗಳಲ್ಲಿ ಸೀಮಂತವಾದರೆ ಅತ್ತೆಯೊಬ್ಬಳೇ ಹೋಗುವಳು; ಸೊಸೆಗೆ ಏನಾದರೊಂದು ಕೆಲಸ ಹೇಳಿ ಹೋಗುವಳು. ‘ನೀನು ಬರಬೇಡ’ ಎಂದು ಬಾಯಿಬಿಟ್ಟು ಹೇಳಿದವಳಲ್ಲ. ಅತ್ತೆಯು ಕ್ರೂರಿಯೆಂದು ವಾಚಕರು ಭಾವಿಸಬಾರದು. ಸೊಸೆಗೆ ಜ್ವರ ಬಂದರೆ ರಾತ್ರಿಯೆಲ್ಲ ತಲೆಯ ಬಳಿ ಕುಳಿತಿರುವ ಹೆಂಗಸು ಅವಳು. ಆದರೆ ಬಂಧುವೊಬ್ಬನು ಬಂದು, ‘ಹಿಂದಿನ ಕಾಲವಾಗಿದ್ದರೆ ಇನ್ನೊಂದು ಸಂಬಂಧ ನೋಡಬಹುದಾಗಿತ್ತು’ ಎಂದಾಗ ಅವಳು ಅವನನ್ನು ಗದರಿಸಲಿಲ್ಲ. ಕಾಫಿ ತರಲು ಒಳಗೆ ಹೋದಳು. 1955ರ ವಿವಾಹಶಾಸನವು ಆ ಬಾಗಿಲನ್ನು ಮುಚ್ಚಿರುವುದು ಆ ಮನೆಯ ಪುಣ್ಯ.

2022ರಲ್ಲಿ ಜಿಲ್ಲೆಯ ಪಟ್ಟಣಕ್ಕೆ ಬೇರೊಬ್ಬ ವೈದ್ಯೆ ಬಂದಳು. ಚೀಲದಲ್ಲಿದ್ದ ಕಾಗದಗಳನ್ನೆಲ್ಲ ತಿರುವಿಹಾಕಿ, ಮತ್ತೆ ಮೊದಲಿನಿಂದ ತಿರುವಿ, ಕನ್ನಡಕ ತೆಗೆದು ಕೇಳಿದಳು:

“ಯಜಮಾನರ ಪರೀಕ್ಷೆಯ ಕಾಗದ ಎಲ್ಲಿದೆಯಮ್ಮ?”

ಸೊಸೆಯು ಗಂಡನ ಮುಖ ನೋಡಿದಳು. ಗಂಡನು ಕಿಟಕಿಯ ಕಡೆ ನೋಡಿದನು.

“ಎಂಟು ವರ್ಷದಲ್ಲಿ ಒಂದು ಸಾರಿಯೂ ಮಾಡಿಸಿಲ್ಲವೇ?” ಎಂದು ವೈದ್ಯೆ ಬೆರಗಾಗಿ ಕೇಳಿದಳು. ಹಿಂದಿನವರು ಯಾರೂ ಕೇಳಿರಲಿಲ್ಲ. ಕೇಳಿದ್ದರೂ, ‘ಆಮೇಲೆ ನೋಡೋಣ’ ಎಂಬ ಉತ್ತರಕ್ಕೆ ಸುಮ್ಮನಾಗಿದ್ದರು. ಒಂದು ವರ್ಷ ದಾಂಪತ್ಯದ ಮೇಲೂ ಗರ್ಭ ನಿಲ್ಲದಿದ್ದರೆ, ಹೆಂಗಸಿಗೆ ಮೂವತ್ತೈದು ತುಂಬಿದ್ದರೆ ಆರೇ ತಿಂಗಳಿಗೆ, ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಬೇಕೆಂಬುದು ಈ ಶಾಸ್ತ್ರದಲ್ಲಿ ಇಂದು ಸರ್ವಸಮ್ಮತವಾದ ಕ್ರಮ. ಸಂತಾನವಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಕಡೆ ಪುರುಷನ ದೋಷವೂ ಸೇರಿರುತ್ತದೆ. ಪುರುಷನ ಪರೀಕ್ಷೆಗೆ ಸೂಜಿ ಬೇಡ, ಕತ್ತಿ ಬೇಡ, ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಸುಲಭವಾದುದನ್ನು ಕೊನೆಗೆ ಇಟ್ಟುಕೊಂಡು ಕಠಿನವಾದುದನ್ನು ಮೊದಲು ಮಾಡಿಸುವುದು ಯಾವ ನ್ಯಾಯವೋ!

ಮನೆಗೆ ಬಂದ ಮೇಲೆ ಮಗನು ಒಪ್ಪಲಿಲ್ಲ. ತಾಯಿಯಂತೂ, “ನಮ್ಮ ವಂಶದಲ್ಲಿ ಯಾವ ಗಂಡಸಿಗೂ ಇಂತಹ ಮಾತು ಬಂದಿಲ್ಲ, ಊರಿಗೆ ತಿಳಿದರೆ ಅವನು ಹೇಗೆ ತಲೆ ಎತ್ತಿ ತಿರುಗಬೇಕು?” ಎಂದಳು. ಎಂಟು ವರ್ಷ ತಲೆ ತಗ್ಗಿಸಿ ತಿರುಗಿದವಳು ಅಲ್ಲಿಯೇ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅವಳೇನೂ ಹೇಳಲಿಲ್ಲ. ಮೂರು ತಿಂಗಳು ಆ ಮಾತು ಮನೆಯಲ್ಲಿ ಏಳಲಿಲ್ಲ.

ಮಾತನ್ನು ಎಬ್ಬಿಸಿದವರು ಆ ತಾಯಿಯ ಅಣ್ಣ. ಎಂಬತ್ತರ ವೃದ್ಧರು, ಧರ್ಮಶಾಸ್ತ್ರವನ್ನು ಗುರುಮುಖದಿಂದ ಓದಿದವರು, ಭಾವನ ಶ್ರಾದ್ಧಕ್ಕೆಂದು ಬಂದು ಎರಡು ದಿನ ನಿಂತಿದ್ದರು. ತಂಗಿಯು ತನ್ನ ದುಃಖವನ್ನೆಲ್ಲ ತೋಡಿಕೊಂಡು, ಕೊನೆಯಲ್ಲಿ ಈ ‘ಅವಮಾನ’ವನ್ನೂ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಚೀಲದಿಂದ ಯಾಜ್ಞವಲ್ಕ್ಯಸ್ಮೃತಿಯನ್ನು ತೆಗೆದು, ಆಚಾರಾಧ್ಯಾಯದ ವಿವಾಹಪ್ರಕರಣವನ್ನು ಬಿಡಿಸಿ, ಸೋದರಳಿಯನನ್ನು ಕೂಗಿದರು.

“ಬಾರಪ್ಪ, ಕುಳಿತುಕೋ. ಇದು ಪರದೇಶದವರು ಹೇಳಿದ ಮಾತಲ್ಲ. ವರನ ಲಕ್ಷಣವನ್ನು ಹೇಳುವಾಗ ಋಷಿಯು ವಿದ್ಯೆ, ವಯಸ್ಸು, ಬುದ್ಧಿ ಇವುಗಳ ಜೊತೆಗೇ, ಪುಂಸ್ತ್ವದಲ್ಲಿ ಪ್ರಯತ್ನಪೂರ್ವಕವಾಗಿ ಪರೀಕ್ಷಿಸಲ್ಪಟ್ಟವನಾಗಿರಬೇಕು ಎಂದಿದ್ದಾನೆ. ಇದಕ್ಕೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮವನೇ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ಬರೆದನು. ನಾರದಸ್ಮೃತಿಯಲ್ಲಿಯೂ ಪರೀಕ್ಷಿಸಿಯೇ ಕನ್ಯೆಯನ್ನು ಕೊಡಬೇಕೆಂದಿದೆ. ನಿನ್ನ ಮದುವೆಯಲ್ಲಿ ಈ ಮಗುವಿನ ಜಾತಕವನ್ನು ಮೂರು ಜನ ಜೋಯಿಸರಿಗೆ ತೋರಿಸಿದೆವು. ನಿನ್ನನ್ನು ಯಾರು ಪರೀಕ್ಷಿಸಿದರು?”

ತಂಗಿಯು, “ಅಣ್ಣಯ್ಯ, ಮನುವಿನಲ್ಲಿ ಬೇರೆ ಹೇಳಿದೆಯಂತಲ್ಲ?” ಎಂದಳು.

“ಹೇಳಿದೆ. ಸಂತಾನವಿಲ್ಲದ ಹೆಂಡತಿಯಿರುವಾಗ ಎಂಟನೆಯ ವರ್ಷದಲ್ಲಿ ಬೇರೊಬ್ಬಳನ್ನು ತರಬಹುದೆಂದಿದೆ. ಆ ವಚನ ಎಲ್ಲರಿಗೂ ಬಾಯಿಪಾಠ. ಈ ವಚನ ಯಾರಿಗೂ ನೆನಪಿಲ್ಲ. ನಮಗೆ ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಗೆದ್ದಲಿಗೆ ಕೊಟ್ಟೆವು. ಸುಶ್ರುತನು ಗರ್ಭಕ್ಕೆ ನಾಲ್ಕು ಸಾಮಗ್ರಿ ಬೇಕೆನ್ನುತ್ತಾನಮ್ಮ: ಋತು, ಕ್ಷೇತ್ರ, ಅಂಬು, ಬೀಜ. ತೋಟ ಮಾಡುವವರ ಮನೆ ಇದು. ಎಂಟು ವರ್ಷದಿಂದ ಮೊಳಕೆ ಬಾರದಿದ್ದರೆ ಬರೀ ಮಣ್ಣನ್ನೇ ಅಗೆಯುತ್ತ ಇರುತ್ತೀರಾ? ಬೀಜವನ್ನು ಒಂದು ಸಾರಿ ಕೈಗೆ ತೆಗೆದುಕೊಂಡು ನೋಡುವುದಿಲ್ಲವೇ?”

ಸೋದರಳಿಯನು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಮಾವನನ್ನು ಬಸ್ಸಿಗೆ ಹತ್ತಿಸಿ ಬಂದು, ಹೆಂಡತಿಗೆ ಮಾತ್ರ ಕೇಳಿಸುವಂತೆ, “ಸೋಮವಾರ ಹೋಗಿ ಬರೋಣ” ಎಂದನು.

ಬೀಜವನ್ನು ಕಣ್ಣಿನಿಂದ ನೋಡುವುದು ಮನುಷ್ಯನಿಗೆ ಸಾಧ್ಯವಾದುದು 1677ರಲ್ಲಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದ ಲೇವೆನ್‌ಹುಕ್ ಎಂಬುವನು ತಾನೇ ಮಸೆದ ಗಾಜಿನ ಕೆಳಗೆ ವೀರ್ಯವನ್ನಿಟ್ಟು, ಬಾಲವುಳ್ಳ ಅಸಂಖ್ಯಾತ ಜೀವಿಗಳು ಈಜುತ್ತಿರುವುದನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಅದು ಪಾಪಮಾರ್ಗದಿಂದ ಪಡೆದುದಲ್ಲ, ಧರ್ಮಪತ್ನಿಯೊಡನೆಯ ದಾಂಪತ್ಯದಿಂದ ದೊರೆತುದೆಂದೂ, ವಿದ್ವಾಂಸರಿಗೆ ಅಸಹ್ಯವಾಗಿ ತೋರಿದರೆ ಪ್ರಕಟಿಸದೆ ಬಿಡಬಹುದೆಂದೂ ಸೇರಿಸಿದನು. ಈ ವಿಷಯದಲ್ಲಿ ಗಂಡಸಿನ ಸಂಕೋಚವು ಸೂಕ್ಷ್ಮದರ್ಶಕದಷ್ಟೇ ಹಳೆಯದೆಂದು ಇದರಿಂದ ತಿಳಿಯಬಹುದು. ಸ್ತನಿಗಳ ಅಂಡಾಣುವನ್ನು ಫಾನ್ ಬೇರ್ ಎಂಬುವನು ಕಂಡದ್ದು 1827ರಲ್ಲಿ. ನೋಡತಕ್ಕ ವಸ್ತುಗಳಲ್ಲಿ ಗಂಡಿನದು ನೂರೈವತ್ತು ವರ್ಷ ಮೊದಲೇ ಕಂಡಿದ್ದರೂ, ದೋಷವನ್ನು ಹುಡುಕುವಾಗ ಮಾತ್ರ ಅದರ ಸರದಿ ಕೊನೆಗೆ ಬರುವುದು ವಿಚಿತ್ರ.

ಇಂದಿನ ಪರೀಕ್ಷೆಯ ಕ್ರಮ ಸರಳವಾಗಿದೆ. ಎರಡರಿಂದ ಏಳು ದಿನಗಳ ವರೆಗೆ ಬ್ರಹ್ಮಚರ್ಯದಲ್ಲಿದ್ದು, ಅಗಲ ಬಾಯಿಯ ಶುದ್ಧವಾದ ಡಬ್ಬಿಯಲ್ಲಿ ವೀರ್ಯವನ್ನು ಕೊಡಬೇಕು. ಒಂದು ಗಂಟೆಯೊಳಗೆ ಅದನ್ನು ನೋಡಬೇಕು. ಅಳತೆಯ ಗೆರೆಗಳನ್ನು ಕೊರೆದ ಗಾಜಿನ ಮೇಲೆ ಹನಿಯನ್ನಿಟ್ಟು ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ, ಒಟ್ಟಿನಲ್ಲಿ 3 ಕೋಟಿ 90 ಲಕ್ಷ ವೀರ್ಯಾಣುಗಳು ಕೆಳಗಿನ ಮಿತಿ. ನೂರಕ್ಕೆ 42 ಚಲಿಸುತ್ತಿರಬೇಕು. ಆಕಾರದಲ್ಲಿ ಮಾತ್ರ ನೂರಕ್ಕೆ ನಾಲ್ಕು ನೆಟ್ಟಗಿದ್ದರೆ ಸಾಕಂತೆ. ಯಾವ ಪಾಠಶಾಲೆಯಲ್ಲಿಯೂ ನಾಲ್ಕು ಅಂಕಕ್ಕೆ ಉತ್ತೀರ್ಣವಿಲ್ಲ, ಪ್ರಕೃತಿಯ ಪಾಠಶಾಲೆಯಲ್ಲಿ ಉಂಟು. ಈ ಅಂಕಿಗಳು ಒಂದು ವರ್ಷದೊಳಗೆ ತಂದೆಯಾದ ಗಂಡಸರನ್ನು ಎಣಿಸಿ, ಅವರಲ್ಲಿ ತೀರ ಕೆಳಗಿನ ನೂರಕ್ಕೆ ಐದು ಜನರ ಮಟ್ಟವನ್ನು ಗೆರೆಯೆಂದು ಇಟ್ಟುಕೊಂಡವು. ಆದುದರಿಂದ ಗೆರೆಗಿಂತ ಕೆಳಗಿರುವವನು ತಂದೆಯಾಗಲಾರನೆಂದಾಗಲಿ, ಮೇಲಿರುವವನು ಆಗಿಯೇ ಆಗುವನೆಂದಾಗಲಿ ಅರ್ಥವಲ್ಲ. ಮತ್ತೂ ಒಂದು ವಿಚಾರವುಂಟು. ವೀರ್ಯಾಣುವು ಹುಟ್ಟಿ ಪಕ್ವವಾಗುವುದಕ್ಕೆ ಎರಡೂವರೆ ತಿಂಗಳಾಗುತ್ತದೆ. ಚೈತ್ರದಲ್ಲಿ ಬಂದ ಜ್ವರದ ಕುರುಹು ಜ್ಯೇಷ್ಠದಲ್ಲಿ ಕಾಣಬಹುದು. ಒಂದೇ ಪರೀಕ್ಷೆಯಿಂದ ತೀರ್ಪು ಹೇಳುವುದು ತರವಲ್ಲ.

ಸೋಮವಾರದ ದಿನ ಅವನು ಪಟ್ಟ ಕಷ್ಟವು ಪರೀಕ್ಷೆಯದಲ್ಲ, ಪರೀಕ್ಷೆಯ ಸ್ಥಳದ್ದು. ಪ್ರಯೋಗಶಾಲೆಯ ಹುಡುಗನು ಹತ್ತು ಜನರ ಎದುರಿಗೆ ಅವನ ಹೆಸರನ್ನೂ, ಬಂದ ಕಾರಣವನ್ನೂ ಕೂಗಿ ಹೇಳಿ ಡಬ್ಬಿಯನ್ನು ಕೈಗಿಟ್ಟನು. ತೋರಿಸಿದ ಕೋಣೆಯು ನೆಲ ಒರೆಸುವ ಬಟ್ಟೆ ಬಕೀಟುಗಳನ್ನು ಇಡುವ ಕೋಣೆ. ಅಗುಳಿ ಸರಿಯಾಗಿ ಬೀಳುತ್ತಿರಲಿಲ್ಲ. ಹೊಳೆಯನ್ನು ಈಜಿ ದಾಟುವವನು ಅಲ್ಲಿ ಅರ್ಧ ಗಂಟೆ ನಿಂತು ಬೆವತು ಹೊರಗೆ ಬಂದನು. ಕೈಯಲ್ಲಿ ಖಾಲಿ ಡಬ್ಬಿ. ಹೆಂಡತಿಯು ಏನನ್ನೂ ಕೇಳದೆ, ಅಲ್ಲಿಯ ಹೆಂಗಸರೊಬ್ಬರ ಬಳಿ ಹೋಗಿ ಮಾತಾಡಿ, ಹತ್ತಿರದ ವಸತಿಗೃಹದಲ್ಲಿ ಒಂದು ಕೋಣೆ ಹಿಡಿದು, ಅರ್ಧ ಗಂಟೆಯೊಳಗೆ ತಂದು ಕೊಡಬಹುದೆಂಬ ಅಪ್ಪಣೆ ಪಡೆದಳು. ಎಂಟು ವರ್ಷದಲ್ಲಿ ಇಂತಹ ಬಾಗಿಲುಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು. ಪ್ರಯೋಗಶಾಲೆಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಅವನು, “ನಿನಗೆ ಪ್ರತಿಸಾರಿಯೂ ಹೀಗೆಯೇ ಇರುತ್ತಿತ್ತೇ?” ಎಂದು ಕೇಳಿದನಂತೆ. ಅವಳು, “ಅಭ್ಯಾಸವಾಗುತ್ತದೆ ರೀ” ಎಂದಳಂತೆ.

ಕಾಗದವು ಸಂಜೆಗೆ ಬಂದಿತು. ಪ್ರಮಾಣ 0.8 ಮಿಲಿಲೀಟರು. ವೀರ್ಯಾಣುಗಳ ಸಂಖ್ಯೆಯ ಎದುರಿಗೆ ಸೊನ್ನೆ. ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ನಿಂತುದನ್ನು ನೋಡಿದಾಗಲೂ ಸೊನ್ನೆ. ಕೆಲವು ವಾರಗಳ ಮೇಲೆ ಮತ್ತೆ ಮಾಡಿಸಿದಾಗಲೂ ಅದೇ ಸೊನ್ನೆ. ಜೊತೆಗೆ, ಸಹಜವಾಗಿ ಇರಬೇಕಾದ ಫ್ರಕ್ಟೋಸ್ ಎಂಬ ಸಕ್ಕರೆಯೂ ಇಲ್ಲ, ಕ್ಷಾರವಾಗಿರಬೇಕಾದುದು ಆಮ್ಲವಾಗಿದೆ. ವೈದ್ಯೆಯು ಇದನ್ನು ನೋಡಿ ಅವನನ್ನು ಪುರುಷರ ಮೂತ್ರರೋಗಗಳನ್ನು ನೋಡುವ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದಳು. ಅವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಬೆರಳುಗಳಿಂದ ಮುಟ್ಟಿ ನೋಡಿದರು. ವೃಷಣಗಳು ಸಹಜ ಗಾತ್ರದಲ್ಲಿದ್ದುವು. ಆದರೆ ಅಲ್ಲಿಂದ ವೀರ್ಯಾಣುಗಳನ್ನು ಮೇಲಕ್ಕೆ ಒಯ್ಯುವ, ದಪ್ಪ ದಾರದಂತೆ ಬೆರಳಿಗೆ ಸಿಕ್ಕಬೇಕಾದ ನಾಳವು ಎರಡು ಕಡೆಯೂ ಸಿಕ್ಕಲಿಲ್ಲ. ಹುಟ್ಟುವಾಗಲೇ ಇರಲಿಲ್ಲ. ಮಕ್ಕಳಾಗದ ಪುರುಷರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಹೀಗೆ ಕಾಣುವುದುಂಟು. ಬಾವಿಯಲ್ಲಿ ನೀರಿದೆ, ಕಾಲುವೆಯಿಲ್ಲ. ಹೀಗೆಂದು ತಿಳಿಯುವುದಕ್ಕೆ ಹಿಡಿದ ಕಾಲವು ಐದು ನಿಮಿಷ.

ಇಬ್ಬರೂ ಮತ್ತೆ ವೈದ್ಯೆಯ ಎದುರಿಗೆ ಕುಳಿತಿದ್ದಾಗ ಸೊಸೆಯು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ನನಗೆ ಮಾಡಿದ ಆಪರೇಷನ್ನು?”

ವೈದ್ಯೆಯು ಕಾಗದದ ಮೇಲೆ ಏನನ್ನೋ ಬರೆಯುತ್ತಿದ್ದವಳು ಲೇಖನಿಯನ್ನು ಕೆಳಗಿಟ್ಟಳು, ಉತ್ತರ ಕೊಡಲಿಲ್ಲ.

ಮುಂದಿನ ದಾರಿಯಿಲ್ಲವೆಂದಲ್ಲ. ಸೂಕ್ಷ್ಮವಾದ ಸೂಜಿಯಿಂದ ವೀರ್ಯಾಣುವನ್ನು ಅದು ಹುಟ್ಟುವ ಸ್ಥಾನದಿಂದಲೇ ತೆಗೆದು, ಒಂದೇ ಒಂದನ್ನು ಅಂಡಾಣುವಿನೊಳಕ್ಕೆ ಸೇರಿಸುವ ವಿಧಾನವಿದೆ. ಹೀಗೆ ವೀರ್ಯಾಣುವನ್ನು ಅಂಡದೊಳಕ್ಕೆ ಸೇರಿಸಿ ಪಡೆದ ಗರ್ಭಗಳನ್ನು ಬ್ರಸೆಲ್ಸಿನ ವೈದ್ಯರು ಲೋಕಕ್ಕೆ ತಿಳಿಸಿದುದು 1992ರಲ್ಲಿ. ಆದರೆ ಅದಕ್ಕೆ ಮೊದಲು ಮತ್ತೆರಡು ಪರೀಕ್ಷೆಗಳು ಅವಶ್ಯಕ. ಈ ನಾಳವಿಲ್ಲದ ಕೆಲವರಲ್ಲಿ ಒಂದು ಮೂತ್ರಪಿಂಡವೂ ಇರುವುದಿಲ್ಲ; ಅವನಿಗೆ ಸ್ಕ್ಯಾನಿಂಗಿನಲ್ಲಿ ಎರಡೂ ಇದ್ದುವು. ಎರಡನೆಯದು ವಂಶವಾಹಿಯ ಪರೀಕ್ಷೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ, ಶ್ವಾಸಕೋಶವನ್ನು ಕೆಡಿಸುವ ಭಯಂಕರವಾದ ರೋಗಕ್ಕೆ ಕಾರಣವಾದ ವಂಶವಾಹಿಯೊಂದಿದೆ. ಪ್ರತಿಯೊಬ್ಬನಲ್ಲಿಯೂ ಅದರ ಪ್ರತಿಗಳು ಎರಡು: ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಪ್ರತಿಯಲ್ಲಿ ಮಾತ್ರ ದೋಷವಿದ್ದವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ಎರಡರಲ್ಲಿಯೂ ಇದ್ದು, ಅವುಗಳಲ್ಲಿ ಒಂದಾದರೂ ಸೌಮ್ಯವಾದುದಾದರೆ, ಆ ರೋಗವು ಬಾರದೆ ನಾಳವೊಂದೇ ಇಲ್ಲದೆ ಹೋಗುವುದುಂಟು. ಆದುದರಿಂದ ಹೆಂಡತಿಯನ್ನೂ ಪರೀಕ್ಷಿಸಬೇಕು. ಅವಳಲ್ಲಿಯೂ ದೋಷವಿದ್ದರೆ ಹುಟ್ಟುವ ಮಗುವಿಗೆ ಅಪಾಯ. ಮತ್ತೊಮ್ಮೆ ಅವಳು ತೋಳು ಚಾಚಿದಳು. ಈ ಸಾರಿ ಪಕ್ಕದ ಕುರ್ಚಿಯಲ್ಲಿ ಅವನೂ ತೋಳು ಚಾಚಿ ಕುಳಿತಿದ್ದನು. ಅವನಲ್ಲಿ ಎರಡು ಪ್ರತಿಗಳಲ್ಲಿಯೂ ದೋಷವಿದ್ದಿತು. ಅವಳಲ್ಲಿ, ಹುಡುಕಿದ ದೋಷಗಳಲ್ಲಿ ಯಾವುದೂ ಇರಲಿಲ್ಲ.

ತಾಯಿಗೆ ಹೇಳುವ ಪ್ರಶ್ನೆ ಉಳಿಯಿತು. ಹೇಳಬೇಕಾಗಿಲ್ಲವೆಂದು ಸೊಸೆಯೇ ಅಂದಳು. “ಇಷ್ಟು ವರ್ಷ ನಡೆದಿದೆ, ಇನ್ನೂ ನಡೆಯಲಿ” ಎಂದಳು. ಅವನು ಒಪ್ಪಲಿಲ್ಲ. 2023ರ ಮಾಘಮಾಸದಲ್ಲಿ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ತಾಯಿಯು ನಡುಮನೆಯಲ್ಲಿ ಅಡಿಕೆ ಆರಿಸುತ್ತಿದ್ದಾಗ, ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದನು. ಸೊನ್ನೆಯನ್ನು ಹೇಳಿದನು, ನಾಳವನ್ನು ಹೇಳಿದನು. ತಾಯಿಯ ಕೈ ಅಡಿಕೆಯ ಮೊರದಲ್ಲಿ ನಿಂತಿತು. ಬಹಳ ಹೊತ್ತಿನ ಮೇಲೆ ಅವಳು ಮಗನ ಮುಖವನ್ನು ನೋಡಲಿಲ್ಲ, ಅಡಿಗೆಯ ಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖವನ್ನು ನೋಡಿದಳು.

“ಹುಟ್ಟುವಾಗಲೇ ಇರಲಿಲ್ಲವೆಂದರೆ,” ಎಂದಳು, “ನನ್ನ ಹೊಟ್ಟೆಯಲ್ಲಿಯೇ ಹೀಗಾಯಿತೇ? ನನ್ನಿಂದ ಬಂದುದೇ?”

ಸೊಸೆಯು ಸೆರಗಿಗೆ ಕೈ ಒರಸಿಕೊಂಡು ಬಂದು ಅತ್ತೆಯ ಪಕ್ಕದಲ್ಲಿ ಕುಳಿತಳು. ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇಲ್ಲ ಅತ್ತೆ. ಅದು ಎರಡು ಕಡೆಯಿಂದಲೂ ಬರಬೇಕಂತೆ. ಒಬ್ಬರಿಂದಲೇ ಆಗುವುದಲ್ಲವಂತೆ. ಕಾಗದದಲ್ಲಿ ಬರೆದಿದ್ದಾರೆ, ಬೇಕಾದರೆ ಓದಿ ಹೇಳುತ್ತೇನೆ.”

“ಓದು” ಎಂದಳು ಅತ್ತೆ.

ಸೊಸೆಯು ಎದ್ದು ಚೀಲವನ್ನು ತರುವುದಕ್ಕೆ ಒಳಗೆ ಹೋದಳು.